ಪರವಾದ್ಯಸಮಾವೇಶವಿಚಾರ

ಮೂಡಿಗೆರೆಯ ಸೀಮೆಯಲ್ಲಿ ಕಾಲಭೈರವೇಶ್ವರನ ಸನ್ನಿಧಿಯಿಂದ ಹೆಸರಾದ ದೇವರಮನೆಯ ಬೆಟ್ಟಗಳನ್ನು ಬಿಟ್ಟು ಪಡುವಣಕ್ಕೆ ಹೊರಟವನು ಚಾರ್ಮಾಡಿಯ ಘಟ್ಟವನ್ನಿಳಿದು ಕರಾವಳಿಯ ಸೀಮೆಯನ್ನು ಸೇರುತ್ತಾನೆ. ಅಲ್ಲಿ ಮದುವೆಯ ಚಪ್ಪರದಲ್ಲಿಯೂ ದೇವರ ಉತ್ಸವದಲ್ಲಿಯೂ ನಾಗಸ್ವರವಿರಬೇಕಾದೆಡೆಯಲ್ಲಿ ಸ್ಯಾಕ್ಸೋಫೋನ್ ಕೇಳಿಬರುವುದು ಈಗ ಯಾರಿಗೂ ಅಚ್ಚರಿಯ ಸಂಗತಿಯಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸನು ನಿರ್ಮಿಸಿ, 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರವನ್ನು ಪಡೆದು, ಸೇನೆಯ ಬ್ಯಾಂಡುಗಳಿಗೆ ಒದಗಿಸಿದ ಈ ವಾದ್ಯವು ಓಲಗದವರ ಕೈಗೆ ಬಂದು, ಅವರ ಮನೆಯ ಸೊತ್ತೇ ಆಗಿಹೋಗಿದೆ. ಇತ್ತ ಬೆಂಗಳೂರಿನಲ್ಲಿ ಪ್ರವಾಹವು ವಿಪರೀತದಿಕ್ಕಿನಲ್ಲಿ ಹರಿಯುತ್ತಿದೆ. ಪ್ರೊಗ್ರೆಸಿವ್ ಮೆಟಲ್ ಎಂಬ ಪಾಶ್ಚಾತ್ಯ ಪ್ರಸ್ಥಾನವನ್ನೂ ಅದರ ನೆರೆಯದಾದ ಪ್ರೊಗ್ರೆಸಿವ್ ರಾಕನ್ನೂ ಹಿಡಿದ ತರುಣರ ಮೇಳಗಳು ವಿದ್ಯುತ್ ಗಿಟಾರು ಮತ್ತು ಡ್ರಮ್ಮುಗಳ ನಡುವೆ ಪಿಟೀಲು, ಕೊಳಲು, ಕೊನ್ನಕೋಲುಗಳನ್ನು ತಂದಿರಿಸಿವೆ. ಪೈನ್‌ಆ್ಯಪಲ್ ಎಕ್ಸ್‌ಪ್ರೆಸ್, ಪ್ರಾಜೆಕ್ಟ್ ಮಿಶ್ರಂ, ಅಗಂ ಮೊದಲಾದ ಮೇಳಗಳ ಹೆಸರು ಈ ಸಂದರ್ಭದಲ್ಲಿ ಕೇಳಿಬರುತ್ತದೆ. ಮೇಳಕ್ಕೆ ಹೊರಗಿನದಾದ ವಾದ್ಯವು ಮೇಳದಲ್ಲಿ ಅಧಿಕಾರವನ್ನು ಪಡೆಯುವುದು ಯಾವುದರಿಂದ ಎಂಬುದು ಎರಡೆಡೆಯಲ್ಲಿಯೂ ಏಳುವ ಒಂದೇ ಪ್ರಶ್ನೆ.

ಪೂರ್ವಪಕ್ಷವು ಹೀಗಿದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ವೃಂದವನ್ನು ವಿವೇಚಿಸಿ, ಉತ್ತಮವೃಂದಕ್ಕೆ 4 ಮಂದಿ ಮುಖ್ಯಗಾಯಕರು, 8 ಮಂದಿ ಸಮಗಾಯಕರು, 12 ಮಂದಿ ಗಾಯಿಕೆಯರು, 4 ಮಂದಿ ಕೊಳಲಿನವರು, 4 ಮಂದಿ ಮೃದಂಗದವರು ಎಂದು ಲೆಕ್ಕ ಹಾಕಿದ್ದಾನೆ. ವೃಂದಕ್ಕೆ ಆರು ಗುಣಗಳನ್ನು ಹೇಳುವಲ್ಲಿ ಕೊನೆಯದಾಗಿ ಎಣಿಸಿರುವುದು ಶಬ್ದಸಾದೃಶ್ಯ. ಅಪರಿಚಿತವಾದ ವಾದ್ಯದ ನಾದವು ಮೇಳದ ನಾದಕ್ಕೆ ಸದೃಶವಲ್ಲ. ಆದಕಾರಣ ಅದರ ಸಮಾವೇಶವೇ ದೋಷ ಎಂದು ವಾದಿಸುವವರುಂಟು. ಈ ವಾದವು ಆರರಲ್ಲಿ ಒಂದನ್ನು ಹಿಡಿದು ಐದನ್ನು ಬಿಡುತ್ತದೆ. ಮುಖ್ಯನನ್ನು ಅನುಸರಿಸುವುದು, ಒಬ್ಬನಲ್ಲಿ ತುಂಡಾದುದನ್ನು ಮತ್ತೊಬ್ಬನು ನಿರ್ವಹಿಸುವುದು ಇವೂ ಅದೇ ಪಟ್ಟಿಯಲ್ಲಿವೆ. ಇವು ನಾದದ ಬಣ್ಣವನ್ನಲ್ಲ, ಕೆಲಸದ ಹಂಚಿಕೆಯನ್ನು ಹೇಳುತ್ತವೆ. ಪಿಟೀಲಿನ ಕಥೆಯೇ ಇದಕ್ಕೆ ನಿದರ್ಶನ: ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ (1786–1859) ಕಾಲಕ್ಕೆ ನಮ್ಮ ಸಂಗೀತವನ್ನು ಹೊಕ್ಕ ಆ ವಾದ್ಯವು ಶ್ರುತಿಯನ್ನೂ ಹಿಡಿಯುವ ಬಗೆಯನ್ನೂ ಬದಲಿಸಿಕೊಂಡು ಗಾಯಕನ ಹಿಂದೆ ನಡೆಯುವ ಹೊರೆಯನ್ನು ಹೊತ್ತುದರಿಂದಲೇ ಇಂದು ಕಚೇರಿಯ ಅಂಗವಾಗಿದೆ.

ಹೊರೆಯನ್ನು ಪರೀಕ್ಷಿಸುವ ಬಗೆ ಶಾಸ್ತ್ರಜ್ಞರಿಗೆ ಹೊಸದಲ್ಲ. ಪದಕ್ಕೆ ಅರ್ಥವಾವುದೆಂಬುದನ್ನು ಬಾಲಕನು ಆವಾಪ-ಉದ್ವಾಪಗಳಿಂದ, ಎಂದರೆ ವಾಕ್ಯದೊಳಕ್ಕೆ ಒಂದು ಪದವನ್ನು ಹಾಕಿ ಇನ್ನೊಂದನ್ನು ತೆಗೆದಾಗ ಆಗುವ ವ್ಯತ್ಯಾಸದಿಂದ, ತಿಳಿಯುತ್ತಾನೆಂದು ಮೀಮಾಂಸಕರು ಹೇಳುತ್ತಾರೆ. (ಆವಾಪವೆಂಬ ಮಾತು ತಾಳಶಾಸ್ತ್ರದಲ್ಲಿಯೂ ಒಂದು ನಿಃಶಬ್ದಕ್ರಿಯೆಗೆ ಹೆಸರಾಗಿರುವುದು ಸ್ವಾರಸ್ಯವಾದುದು, ಇಲ್ಲಿ ಅದು ಅಪ್ರಕೃತ.) ಮೇಳದಿಂದ ಆ ವಾದ್ಯವನ್ನು ತೆಗೆದರೆ ಕೃತಿಯು ಮುರಿಯುವುದಾದರೆ ಅದು ಅಂಗ, ಬರಿಯ ಸೊಗಸು ಕುಂದುವುದಾದರೆ ಅಲಂಕಾರ, ಏನೂ ಆಗದಿದ್ದರೆ ಆಡಂಬರ.

ಡಾ. ಶಿವರಾಮ ಕಾರಂತರ (1902–1997) ಪ್ರಯೋಗವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಯಕ್ಷಗಾನ ಬಯಲಾಟದ ಚರಿತ್ರೆಯನ್ನು ಬರೆದ ಈ ವಿದ್ವಾಂಸರೇ ತಮ್ಮ ಯಕ್ಷಗಾನ ಬ್ಯಾಲೆಯ ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ತಂದರು. ಸಂಪ್ರದಾಯಜ್ಞರು ಆಕ್ಷೇಪಿಸಿದರು, ಆಕ್ಷೇಪವು ಬಹುಮಟ್ಟಿಗೆ ವಾದ್ಯದ ಹುಟ್ಟನ್ನು ಕುರಿತದ್ದು. ವಿಚಾರಿಸಬೇಕಾದದ್ದು ಬೇರೆ ಇತ್ತು. ಬಯಲಾಟದಲ್ಲಿ ಭಾಗವತನ ಪದವಾದೊಡನೆ ವೇಷಧಾರಿಯು ಮಾತಿನಿಂದ ಅರ್ಥವನ್ನು ಬಿಡಿಸುತ್ತಾನೆ. ರಸದ ಅರ್ಧಭಾರವನ್ನು ಹೊರುವುದು ಆ ಅರ್ಥಗಾರಿಕೆ. ಕಾರಂತರು ಮಾತನ್ನು ಬಹುಮಟ್ಟಿಗೆ ತೊರೆದು ನೃತ್ಯಗೀತಗಳಿಂದಲೇ ಪ್ರಸಂಗವನ್ನು ನಡೆಸಿದರು. ಮಾತು ಬಿಟ್ಟುಹೋದ ಎಡೆಯು ತೆರವಾಯಿತು. ಒಂದು ಪದದಿಂದ ಇನ್ನೊಂದು ಪದಕ್ಕೆ ಭಾವವನ್ನು ಎಳೆದು ನಿಲ್ಲಿಸಲು ಚೆಂಡೆಮದ್ದಳೆಗಳಿಂದ ಆಗದು. ದೀರ್ಘವಾಗಿ ನಿಲ್ಲುವ ಸ್ವರವು ಬೇಕು. ಆ ತೆರವನ್ನು ತುಂಬಿದ ವಾದ್ಯವು ಅಂಗವೇ ಹೌದು. ಆದರೆ ಮಾತುಳ್ಳ ಬಯಲಾಟಕ್ಕೆ ಅದೇ ವಾದ್ಯವನ್ನು ತಂದು ಕೂರಿಸಿದರೆ ಅದಕ್ಕೆ ಕೆಲಸವಿರದು. ಭಾಗವತನು ಕುಣಿಯುವವನ ಹೆಜ್ಜೆಯನ್ನು ನೋಡಿ ಪದವನ್ನು ಅಲ್ಲಿಯೇ ಹಿಗ್ಗಿಸಿ ಕುಗ್ಗಿಸುತ್ತಾನಾದುದರಿಂದ ಹಿಂಬಾಲಿಸುವ ವಾದ್ಯವು ಅರೆಕ್ಷಣ ತಡವಾಗಿ ಬಂದು ಸಾಹಿತ್ಯದ ಅಕ್ಷರವನ್ನೇ ಮಸಕುಗೊಳಿಸುವುದು. ಒಂದೇ ವಾದ್ಯ, ಒಂದೇ ಹಿಮ್ಮೇಳ. ಒಂದೆಡೆ ಗುಣ, ಇನ್ನೊಂದೆಡೆ ದೋಷ. ಕ್ಷೇಮೇಂದ್ರನು ಔಚಿತ್ಯವೆಂದುದು ಇದನ್ನೇ.

ಕದ್ರಿ ಗೋಪಾಲನಾಥರು (1949–2019) ನಡೆದ ದಾರಿ ಇದಕ್ಕಿಂತ ಕಠಿನವಾದದ್ದು. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಮನಸೋತರು. ನಾಗಸ್ವರದಲ್ಲಿ ರಂಧ್ರವನ್ನು ಬೆರಳೇ ಮುಚ್ಚುವುದರಿಂದ ಅರೆಮುಚ್ಚಿ ಸ್ವರವನ್ನು ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಯುಂಟು. ಅದು ಸ್ವರವನ್ನು ಕತ್ತರಿಸಿಟ್ಟ ಹಾಗೆ ಕೊಡುವುದು. ಗಮಕವಿಲ್ಲದ ತೋಡಿಯು ತೋಡಿಯಲ್ಲ. ಆ ಗಮಕವನ್ನೆಲ್ಲ ತುಟಿಯ ಬಿಗಿತದಿಂದಲೂ ಉಸಿರಿನ ಒತ್ತಡದಿಂದಲೂ ಪಡೆಯಲು ಅವರು ಅನೇಕ ವರ್ಷಗಳ ಸಾಧನೆಯನ್ನು ಮಾಡಿದರು. ವಾದ್ಯದಲ್ಲಿಯೂ ಮಾರ್ಪಾಡುಗಳನ್ನು ಮಾಡಿಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ. ಉತ್ಸವದಲ್ಲಿ ನುಡಿಸುವ ಹೊತ್ತಿಗೆ ಸ್ಯಾಕ್ಸೋಫೋನು ಕಚೇರಿಯ ಪರವಾದ್ಯವಾಗಿರದೆ ಮುಖ್ಯಗಾಯಕನ ಸ್ಥಾನದಲ್ಲಿತ್ತು.

ಇನ್ನು ಮೆಟಲ್ ಮೇಳದ ವಿಚಾರ. ಪಂಡಿತರು ಇದನ್ನು ಬರಿಯ ಗದ್ದಲವೆಂದು ತಳ್ಳುವುದುಂಟು, ಅದು ಅವಿಚಾರ. ಐದು ಏಳು ಮಾತ್ರೆಗಳ ವಿಷಮಗತಿಗಳಲ್ಲಿ ಈ ಪ್ರಸ್ಥಾನವು ತೋರುವ ಶ್ರದ್ಧೆಯನ್ನು ಕಂಡರೆ ಮಿಶ್ರ-ಖಂಡಜಾತಿಗಳನ್ನು ಬಲ್ಲವರು ಸಂತೋಷಪಡಬೇಕು. ಅದರ ಗಿಟಾರಿನ ನಾದವನ್ನು ವಿದ್ಯುದ್ಯಂತ್ರದಿಂದ ಬೇಕೆಂದೇ ವಿಕಾರಗೊಳಿಸುತ್ತಾರೆ. ಹೀಗೆ ವಿಕಾರಗೊಂಡಾಗ ಮೂಲಸ್ವರದೊಡನೆ ಅನೇಕ ಉಪಸ್ವರಗಳು ಎದ್ದುಬರುವುವು. ಗಾಂಧಾರವನ್ನು ಜೊತೆಗೆ ನುಡಿಸಿದರೆ ಅವು ಒಂದಕ್ಕೊಂದು ತಾಕಿ ಕರ್ಕಶವಾಗುವುದರಿಂದ ಷಡ್ಜಪಂಚಮಗಳ ಜೋಡಿಯನ್ನೇ ಹೆಚ್ಚಾಗಿ ಮೀಟುತ್ತಾರೆ. ಷಡ್ಜಕ್ಕೆ ಪಂಚಮವು ಸಂವಾದಿಯೆಂಬುದು ಭರತನ ಮತ. ಹೀಗೆ ಅತ್ಯಂತ ಘೋರವೆನಿಸುವ ಈ ನಾದವು ಗಾಂಧಾರವನ್ನು ತೆರವಾಗಿ ಬಿಟ್ಟು ತಂಬೂರಿಯಂತೆ ನಿಲ್ಲುತ್ತದೆ, ಮತ್ತು ರಾಗಕ್ಕೆ ಅಲ್ಲಿ ಕಾಲೂರಲು ಸ್ಥಳವಿದೆ. ಗಿಟಾರಿನವನು ಆ ಜೋಡಿಯನ್ನು ಒಂದೆಡೆ ನಿಲ್ಲಿಸದೆ ಮೇಲೆ ಕೆಳಗೆ ಒಯ್ಯುತ್ತಿದ್ದರೆ ಮಾತ್ರ ಆಧಾರಷಡ್ಜವೇ ಅಲುಗಿ ರಾಗವು ನೆಲೆಗೆಡುವುದು.

2003ರಲ್ಲಿ ಬೆಂಗಳೂರಿನಲ್ಲಿ ಮೊದಲಾದ ಅಗಂ ಮೇಳದ ಮೊದಲ ಸಂಕಲನ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ (2012) ಇದಕ್ಕೆ ಉದಾಹರಣೆಯಾಗಬಲ್ಲುದು. ಸ್ವಾತಿ ತಿರುನಾಳರ ಧನಾಶ್ರೀ ತಿಲ್ಲಾನವು ಅಲ್ಲಿ ಚೆನ್ನಾಗಿ ಸಲ್ಲುವುದು: ತಿಲ್ಲಾನದ ಶರೀರವು ಜತಿಗಳಿಂದಾದದ್ದು, ಆ ಜತಿಗಳನ್ನು ಡ್ರಮ್ಮುಗಳು ಎತ್ತಿಕೊಂಡಾಗ ಹೊರೆಯು ಸಹಜವಾಗಿ ಹಂಚಿಹೋಗುತ್ತದೆ. ಅದೇ ಸಂಕಲನದಲ್ಲಿ ಹಂಸನಾದದ ಬಂಟುರೀತಿಯೂ ಇದೆ. ಅಲ್ಲಿ ತ್ಯಾಗರಾಜರ ಪ್ರಾರ್ಥನೆಗೆ ಅಕ್ಷರವೇ ಪ್ರಾಣ. ಗಿಟಾರು ಉಬ್ಬಿದೆಡೆಯಲ್ಲಿ ರಾಗವು ಉಳಿದು ಅಕ್ಷರವು ಮುಳುಗುತ್ತದೆ. ಸಾಹಿತ್ಯದ ಉಪಾಧ್ಯಾಯರಿಗೆ ಇದು ಸಣ್ಣ ನಷ್ಟವೆನಿಸಲಾರದು.

ಈ ಪ್ರಸ್ಥಾನದಲ್ಲಿ ಸ್ಯಾಕ್ಸೋಫೋನಿನ ಪಾಡೇನು? ಆಲ್ಟೋ ಸ್ಯಾಕ್ಸೋಫೋನಿನ ಸ್ವರವ್ಯಾಪ್ತಿಯು ಸುಮಾರು 140ರಿಂದ 880 ಕಂಪನಗಳವರೆಗೆ ಇದ್ದು, ವಿಕೃತಗಿಟಾರು ತುಂಬಿಕೊಳ್ಳುವ ಎಡೆಯಲ್ಲಿಯೇ ಬೀಳುವುದರಿಂದ ಎರಡೂ ಒಂದನ್ನೊಂದು ನುಂಗುತ್ತವೆ. ಪಿಟೀಲು ಕೊಳಲುಗಳು ತಾರಸ್ಥಾಯಿಯಲ್ಲಿ ತಪ್ಪಿಸಿಕೊಳ್ಳುವುವು. ಬೆಂಗಳೂರಿನ ಮೇಳಗಳಿಗೆ ಅವು ಹೆಚ್ಚು ಒದಗಿಬಂದುದಕ್ಕೆ ಇದೂ ಒಂದು ಕಾರಣವಿರಬೇಕು. ಡ್ರೀಮ್ ಥಿಯೇಟರ್ ಮೇಳವು 1992ರ ‘ಇಮೇಜಸ್ ಅಂಡ್ ವರ್ಡ್ಸ್’ ಸಂಕಲನದ ‘ಅನದರ್ ಡೇ’ ಗೀತದಲ್ಲಿ ಸೊಪ್ರಾನೊ ಸ್ಯಾಕ್ಸೋಫೋನನ್ನು ಬಳಸಿದಾಗ ಗೀತವನ್ನೇ ಮೃದುವಾಗಿಸಬೇಕಾಯಿತು. ಅದು ಇಂಪಾಗಿದೆ, ಆದರೆ ಆ ವಾದ್ಯವನ್ನು ತೆಗೆದು ಗಿಟಾರಿನಲ್ಲಿಯೇ ಆ ಸ್ವರಗಳನ್ನು ನುಡಿಸಿದರೂ ಗೀತವು ಮುರಿಯದು. ಆದಕಾರಣ ಅಲಂಕಾರ. ಪ್ರೊಗ್ರೆಸಿವ್ ರಾಕಿನ ಆದ್ಯರಲ್ಲಿ ಒಂದಾದ ಕಿಂಗ್ ಕ್ರಿಮ್ಸನ್ ಮೇಳವು 1969ರಲ್ಲಿ ಬೇರೊಂದು ಉಪಾಯವನ್ನು ಹಿಡಿದಿತ್ತು. ಅವರ ಮೊದಲ ಸಂಕಲನದ ಮೊದಲ ಗೀತದಲ್ಲಿ ವಿಕೃತಗಿಟಾರೂ ಸ್ಯಾಕ್ಸೋಫೋನೂ ಒಂದೇ ಸ್ವರಪಂಕ್ತಿಯನ್ನು ಒಟ್ಟಿಗೆ ನುಡಿಸುತ್ತವೆ. ಒಂದನ್ನೊಂದು ನುಂಗಬೇಕಾದ ನಾದಗಳು ಬೆಸೆದುಕೊಂಡು, ತಂತಿಯೂ ಅಲ್ಲದ ಸುಷಿರವೂ ಅಲ್ಲದ ಮೂರನೆಯದೊಂದು ನಾದವು ಹುಟ್ಟಿದೆ. ಯಾವುದನ್ನು ತೆಗೆದರೂ ಅದು ಇಲ್ಲವಾಗುವುದು. ಪೂರ್ವಪಕ್ಷಿಯು ಕೇಳಿದ ಶಬ್ದಸಾದೃಶ್ಯವು ಇಲ್ಲಿ ಮೊದಲೇ ಇದ್ದುದಲ್ಲ, ವಾದಕರು ಮಾಡಿಕೊಂಡದ್ದು. ಕರಾವಳಿಯ ಓಲಗದವರ ಉಸಿರಿನಲ್ಲಿ ಪಳಗಿದ ಸ್ಯಾಕ್ಸೋಫೋನು ತನ್ನ ಗಮಕಗಳೊಡನೆ ಬೆಂಗಳೂರಿನ ಯಾವುದಾದರೊಂದು ಮೇಳಕ್ಕೆ ಬಂದು, ಗಿಟಾರಿನೊಡನೆ ಇಂಥ ಒಂದು ಪಂಕ್ತಿಯನ್ನು ಹಂಚಿಕೊಳ್ಳುವುದಾದರೆ, ಕೀಲಿಯಿಂದ ಕತ್ತರಿಸಿದ ಸ್ವರವನ್ನೂ ಮೆಟ್ಟಿಲುಗಳಿಂದ ಕತ್ತರಿಸಿದ ಸ್ವರವನ್ನೂ ಒಂದೇ ಗಮಕದಲ್ಲಿ ಬಾಗಿಸಬೇಕಾದ ಹೊರೆ ಇಬ್ಬರು ವಾದಕರ ಮೇಲೂ ಸಮನಾಗಿ ಬೀಳುವುದು.