ತಾರ್ಕಿಕ ಅಂತ್ಯದಲ್ಲಿ ತರ್ಕ ಎಲ್ಲಿದೆ?

ಕನ್ನಡ ಪತ್ರಿಕೆಗಳ ರಾಜಕೀಯ ಪುಟಗಳಲ್ಲಿ ‘ತಾರ್ಕಿಕ ಅಂತ್ಯ’ಕ್ಕೆ ಬರವಿಲ್ಲ. ಹಗರಣವನ್ನು ತಾರ್ಕಿಕ ಅಂತ್ಯಕ್ಕೆ ಕೊಂಡೊಯ್ಯುತ್ತೇವೆ ಎಂದು ವಿರೋಧ ಪಕ್ಷದವರು ಗುಡುಗುತ್ತಾರೆ. ಅಧಿಕಾರಕ್ಕೆ ಬಂದ ಮೇಲೆ ಅದೇ ಮಾತನ್ನು ತುಸು ಮೆಲ್ಲಗೆ ಹೇಳುತ್ತಾರೆ. ಆ ಅಂತ್ಯ ಆರೋಪಪಟ್ಟಿಯೋ, ಶಿಕ್ಷೆಯೋ, ‘ಬಿ’ ರಿಪೋರ್ಟೋ ಎಂದು ಯಾರೂ ಕೇಳುವುದಿಲ್ಲ. ಇಂಗ್ಲಿಷಿನಿಂದ ಹಾಗೇ ಎತ್ತಿ ತಂದ ಈ ನುಡಿಗಟ್ಟಿನಲ್ಲಿ ತರ್ಕದ ಸುಳಿವೂ ಇಲ್ಲ. ಸ್ಪಷ್ಟ ಯೋಚನೆಯನ್ನು ಹೇಳುವ ನಮ್ಮ ಬಹುಪಾಲು ಪದಗಳು ಬರಹದಲ್ಲಿ ಸನ್ಮಾನದ ಶಾಲಿನಂತಾಗಿವೆ, ಹೊದೆಸಿದರೆ ಮುಗಿಯಿತು.

ತರ್ಕ, ಯುಕ್ತಿ, ವಿವೇಚನೆ, ವಿಚಾರ ಇವೆಲ್ಲ ಸಮಾನಾರ್ಥಕ ಪದಗಳೆಂದು ಮಕ್ಕಳಿಗೆ ಉರು ಹೊಡೆಸುತ್ತೇವೆ. ಬಳಕೆಯಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ‘ಯುಕ್ತಿ’ ಎಂದರೆ ನಮಗೆ ಉಪಾಯ. ತೆನಾಲಿ ರಾಮನಲ್ಲಿರುವುದು ಅದೇ. ‘ವಿವೇಚನೆ’ಯ ಪಾಡು ಇನ್ನೂ ಕೆಟ್ಟದು. ಸರಿ ತಪ್ಪನ್ನು ಬೇರ್ಪಡಿಸಿ ನೋಡುವುದು ಅದರ ಅರ್ಥ. ಆದರೆ ಸರ್ಕಾರಿ ಕನ್ನಡದಲ್ಲಿ ‘ವಿವೇಚನಾ ಕೋಟಾ’ ಎಂದರೆ ಕಾರಣ ಕೊಡದೆ ತಮಗೆ ಬೇಕಾದವರಿಗೆ ಹಂಚುವ ಅವಕಾಶ ಎಂದೇ ಜನ ತಿಳಿದಿದ್ದಾರೆ. ಜನರ ತಿಳಿವಳಿಕೆ ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ.

‘ತರ್ಕ’ದ ಹಿನ್ನೆಲೆ ಸ್ವಾರಸ್ಯಕರ. ಅನ್ನಂಭಟ್ಟನ ‘ತರ್ಕಸಂಗ್ರಹ’ 17ನೇ ಶತಮಾನದ ಕೃತಿ. ನ್ಯಾಯಶಾಸ್ತ್ರ ಓದುವವರು ಇಂದಿಗೂ ಮೊದಲು ಹಿಡಿಯುವ ಪುಸ್ತಕ. ಹೆಸರಿನಲ್ಲೇ ತರ್ಕವಿದ್ದರೂ ಒಳಗೆ ಅನ್ನಂಭಟ್ಟ ಅದನ್ನು ಸಂಶಯ ಮತ್ತು ಭ್ರಮೆಗಳ ಪಕ್ಕದಲ್ಲಿ, ಅಯಥಾರ್ಥ ಅನುಭವಗಳ ಸಾಲಿನಲ್ಲಿ ಕೂರಿಸುತ್ತಾನೆ. ‘ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ’ ಎಂಬ ಊಹೆಯಷ್ಟೇ ಅಲ್ಲಿ ತರ್ಕ. ತೀರ್ಮಾನಕ್ಕೆ ಮುಟ್ಟಿಸುವ ಕೆಲಸ ಅನುಮಾನದ್ದು (ಆಡುಮಾತಿನ ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು), ಇನ್ನೊಬ್ಬರಿಗೆ ಅದನ್ನು ಮನಗಾಣಿಸಲು ಐದು ಹೆಜ್ಜೆ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಹೊಗೆಯಿದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿರುವ ಹಾಗೆ, ಈ ಬೆಟ್ಟದಲ್ಲೂ ಅಂಥದೇ ಹೊಗೆ, ಆದ್ದರಿಂದ ಬೆಂಕಿಯಿದೆ. ಮೂರನೆಯ ಹೆಜ್ಜೆಯನ್ನು ಗಮನಿಸಿ. ಎದುರಿಗಿರುವವನೂ ಒಪ್ಪುವ ಉದಾಹರಣೆ ಕೊಡದೆ ಮುಂದೆ ಹೋಗುವಂತಿಲ್ಲ. ನಮ್ಮ ಟಿವಿ ಚರ್ಚೆಗಳಲ್ಲಿ ಮೊದಲ ಹೆಜ್ಜೆಯನ್ನೇ ಐದು ಸಲ ಕೂಗುತ್ತಾರೆ.

‘ಬುದ್ಧಿ’ಯ ಕತೆ ಬೇರೆ. ಹಳೇ ಮೈಸೂರು ಕಡೆ ಆಳುಗಳು ಒಡೆಯನನ್ನು ‘ಬುದ್ಧೀ’ ಎಂದು ಕರೆಯುತ್ತಿದ್ದರು. ಬುದ್ಧಿವಾದ ಎಂದರೆ ಹಿರಿಯರು ಹೇಳುವುದು, ಕಿರಿಯರು ತಲೆ ತಗ್ಗಿಸಿ ಕೇಳುವುದು. ವಾದಕ್ಕೆ ಅಲ್ಲಿ ಎಡೆಯೇ ಇಲ್ಲ. ‘ಬುದ್ಧಿಜೀವಿ’ ಈಗ ಬೈಗುಳವೇ ಆಗಿದೆ.

ಇಷ್ಟರ ನಡುವೆ ಜೀವ ಉಳಿಸಿಕೊಂಡಿರುವುದು ‘ವಿಚಾರ’. ಧಾರವಾಡದ ಕಡೆ ‘ವಿಚಾರ ಮಾಡಿ ಹೇಳ್ತೀನ್ರಿ’ ಎಂದವರು ನಿಜಕ್ಕೂ ಮನೆಗೆ ಹೋಗಿ ಯೋಚಿಸುತ್ತಾರೆ. ನೆಂಟರನ್ನು ವಿಚಾರಿಸಿಕೊಳ್ಳುತ್ತೇವೆ, ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತದೆ, ಠಾಣೆಯಲ್ಲಿ ‘ಚೆನ್ನಾಗಿ ವಿಚಾರಿಸಿಕೊಂಡರು’ ಎಂದರೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕುವೆಂಪು 1974ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ವಿಚಾರಕ್ರಾಂತಿಗೆ ಕರೆ ಕೊಟ್ಟಾಗ ಆರಿಸಿಕೊಂಡದ್ದು ಈ ಪದವನ್ನೇ. ಆಗ ಅಲ್ಲಿ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ವಿಚಾರ ಅಲ್ಲಿ ಮಾಡುವ ಕೆಲಸವಾಗಿತ್ತು. ಆಮೇಲಿನ ‘ವೈಚಾರಿಕ’ ಎಂಬ ವಿಶೇಷಣದಲ್ಲಿ ಅದು ಸೊರಗಿತು. ಒಂದು ಪುಸ್ತಕವನ್ನು ‘ವೈಚಾರಿಕ ಲೇಖನಗಳ ಸಂಕಲನ’ ಎಂದು ಮುನ್ನುಡಿಯಲ್ಲಿ ಹೊಗಳಿದರೆ ಒಳಗೆ ಏನಿದೆ ಎಂಬುದು ನನಗಂತೂ ತಿಳಿಯುವುದಿಲ್ಲ.

ಆಡುಮಾತು ಈ ವಿಷಯದಲ್ಲಿ ಬರಹಕ್ಕಿಂತ ಎಷ್ಟೋ ಪಾಲು ಗಟ್ಟಿ. ಹಿಂದುಮುಂದು ನೋಡು, ತಾಳೆ ಹಾಕು, ಅಳೆದು ತೂಗು, ಎಳೆ ಎಳೆಯಾಗಿ ಬಿಡಿಸಿ ಹೇಳು. ಎಲ್ಲವೂ ಕ್ರಿಯಾಪದಗಳು, ಯಾವುದನ್ನು ಯಾವುದರ ಜೊತೆ ತಾಳೆ ಹಾಕಿದೆ ಎಂದು ಕೇಳಿದರೆ ಉತ್ತರ ಕೊಡಲೇಬೇಕು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವನನ್ನು ಗೇಲಿ ಮಾಡಲು ನಮ್ಮವರಿಗೆ ತರ್ಕಶಾಸ್ತ್ರ ಬೇಕಾಗಲಿಲ್ಲ. ಹಾಗೆಂದು ಶಾಸ್ತ್ರದ ಪದಗಳೇ ಬೇಡವೆಂದಲ್ಲ. ಕಾರಣದಂತೆ ಕಂಡರೂ ಕಾರಣವಲ್ಲದ್ದನ್ನು ಹೇಳುವ ‘ಹೇತ್ವಾಭಾಸ’ದಂಥ ಪದಕ್ಕೆ ಆಡುಮಾತಿನಲ್ಲಿ ಬದಲಿ ಸಿಗುವುದು ಕಷ್ಟ, ಪಠ್ಯಪುಸ್ತಕದಲ್ಲಿ ಅದು ಇರಲಿ.

ಸುದ್ದಿಮನೆಯ ಡೆಸ್ಕಿನಲ್ಲಿ ಕೂತವರಲ್ಲಿ ಒಂದು ಕೋರಿಕೆ. ಮುಂದಿನ ಸಲ ‘ತಾರ್ಕಿಕ ಅಂತ್ಯ’ ಬಂದಾಗ ಅದನ್ನು ಹೊಡೆದುಹಾಕಿ, ತನಿಖೆ ಎಲ್ಲಿಗೆ ಬಂದಿದೆ, ಮುಂದೆ ಯಾರು ಏನು ಮಾಡಬೇಕಿದೆ ಎಂದು ವರದಿಗಾರನಿಂದ ಕೇಳಿ ಬರೆಸಿ.