ಕೈಗೆ ಕೆಲಸ, ಕಿವಿಗೆ ಕಥೆ

ಧೂಮಪಾನದ ಅಭ್ಯಾಸ ನನಗಿಲ್ಲ. ಆದ್ದರಿಂದ ಸಿಗಾರಿನ ಗುಣದೋಷಗಳನ್ನು ಕುರಿತು ತೀರ್ಪು ಹೇಳುವ ಅಧಿಕಾರವೂ ನನಗಿಲ್ಲ. ಆದರೆ ಸಿಗಾರಿನ ಕಾರ್ಖಾನೆಯೊಂದನ್ನೇ ರಂಗಸ್ಥಳವಾಗಿ ಮಾಡಿಕೊಂಡ ನಾಟಕವೊಂದನ್ನು ಈಚೆಗೆ ಎರಡು ಸಲ ಓದಿದೆ. ಮೊದಲ ಸಲ ಮೆಚ್ಚಿಕೊಂಡು, ಎರಡನೆಯ ಸಲ ಜಗಳವಾಡಿಕೊಂಡು. ಅದರ ಹೆಸರು ‘ಅನಾ ಇನ್ ದಿ ಟ್ರಾಪಿಕ್ಸ್’. ಬರೆದವರು ನೀಲೋ ಕ್ರೂಸ್. 1960ರಲ್ಲಿ ಕ್ಯೂಬಾದ ಮತಾನ್ಸಾಸ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ತಂದೆತಾಯಿಗಳೊಡನೆ ಅಮೆರಿಕದ ಮಯಾಮಿಗೆ ಬಂದವರು. 2002ರಲ್ಲಿ ಫ್ಲಾರಿಡಾದ ಕೋರಲ್ ಗೇಬಲ್ಸ್ ಎಂಬ ಊರಿನ ಪುಟ್ಟ ರಂಗಮಂದಿರವೊಂದರಲ್ಲಿ ಮೊದಲು ಆಡಿದ ಈ ನಾಟಕಕ್ಕೆ ಮರುವರ್ಷ ಪುಲಿಟ್ಜರ್ ಬಹುಮಾನ ಬಂತು. ತೀರ್ಪುಗಾರರು ಅದನ್ನು ರಂಗದ ಮೇಲೆ ನೋಡಿರಲಿಲ್ಲವಂತೆ, ಓದಿಯೇ ಮೆಚ್ಚಿದರಂತೆ. ಓದುವುದನ್ನೇ ವಸ್ತುವಾಗಿ ಉಳ್ಳ ನಾಟಕಕ್ಕೆ ಇದು ತಕ್ಕ ಗೌರವ. ನಾನೂ ಓದಿ ಮಾತ್ರ ಬಲ್ಲವನಾದ್ದರಿಂದ ನನಗೆ ಇದೊಂದು ಸಮಾಧಾನ.

ಸಿಗಾರಿನ ಲೋಕದಲ್ಲಿ ಮನೆತನದ ಹೆಸರಿಗೆ ಇರುವ ಬೆಲೆ ನಮ್ಮ ಸಂಗೀತದ ಘರಾನೆಗಳಿಗೂ ಇದೆಯೋ ಇಲ್ಲವೋ. ದುಬಾರಿ ಪೆಟ್ಟಿಗೆಯನ್ನು ಕೊಳ್ಳುವವನು ಹೊಗೆಸೊಪ್ಪನ್ನು ಮಾತ್ರ ಕೊಳ್ಳುವುದಿಲ್ಲ. ಅಜ್ಜ, ಮಗ, ಮೊಮ್ಮಗ ಎಂಬ ವಂಶಾವಳಿಯನ್ನೂ ಕೊಳ್ಳುತ್ತಾನೆ. ಆರ್ತುರೊ ಫ್ಯುವೆಂತೆ ಎಂಬಾತ 1912ರಲ್ಲಿ ಫ್ಲಾರಿಡಾದ ವೆಸ್ಟ್ ಟ್ಯಾಂಪಾದಲ್ಲಿ ಕಾರ್ಖಾನೆ ತೆರೆದ. 1924ರಲ್ಲಿ ಅದು ಸುಟ್ಟುಹೋಯಿತು. ಇಪ್ಪತ್ತೆರಡು ವರ್ಷಗಳ ಮೇಲೆ, 1946ರಲ್ಲಿ, ಮತ್ತೆ ಕೈಹಾಕಿದ. ಮೇಲುಹೊದಿಕೆಯ ಎಲೆ ಡೊಮಿನಿಕನ್ ಗಣರಾಜ್ಯದ ನೆಲದಲ್ಲಿ ಬೆಳೆಯದು ಎಂದು ಬಲ್ಲವರು ಹೇಳುತ್ತಿದ್ದ ಕಾಲದಲ್ಲಿ ಅವನ ಮಗನೂ ಮೊಮ್ಮಗನೂ ಅಲ್ಲಿಯೇ ಅದನ್ನು ಬೆಳೆದು, 1995ರಲ್ಲಿ ‘ಓಪಸ್ ಎಕ್ಸ್’ ಎಂಬ ಸಿಗಾರನ್ನು ಹೊರತಂದರು. ಹಣವಿದ್ದವರಿಗೂ ಅದು ಸುಲಭವಾಗಿ ಸಿಗದ ಪದಾರ್ಥ. ಪಾದ್ರೋನ್ ಮನೆತನದ ಹಿರಿಯ ಕ್ಯೂಬಾ ಬಿಟ್ಟು ಮಯಾಮಿಗೆ ಬಂದವನು. ಸ್ನೇಹಿತ ಕೊಟ್ಟ ಸುತ್ತಿಗೆಯಿಂದ ಬಡಗಿ ಕೆಲಸ ಮಾಡಿ ಉಳಿಸಿದ ಆರುನೂರು ಡಾಲರಿನಿಂದ 1964ರಲ್ಲಿ ಸಿಗಾರು ಸುತ್ತಿಸಲು ತೊಡಗಿದ. ಆ ಸುತ್ತಿಗೆ ಈಗ ಆ ಮನೆಯ ಲಾಂಛನ. 1960ರ ಸೆಪ್ಟೆಂಬರಿನಲ್ಲಿ ಕ್ಯೂಬಾ ಸರಕಾರ ಸಿಗಾರು ಉದ್ಯಮವನ್ನು ರಾಷ್ಟ್ರೀಕರಣ ಮಾಡಿದಾಗ ಮೆನೆಂಡೆಸ್, ಸಿಫುವೆಂತೆಸ್ ಮೊದಲಾದ ದೊಡ್ಡ ಮನೆತನಗಳು ಕಾರ್ಖಾನೆಗಳನ್ನು ಕಳೆದುಕೊಂಡು ದೇಶಾಂತರ ಹೋದವು. ಅವರ ಹೆಸರೂ ನೆನಪೂ ಹೊರದೇಶಗಳಲ್ಲಿ ಮತ್ತೆ ವ್ಯಾಪಾರಕ್ಕೆ ಇಳಿದವು.

ಇವೆಲ್ಲ ನಿಜವಾದ ಕಥೆಗಳೇ, ಕೇಳಲು ಸೊಗಸಾದವೇ. ಆದರೆ ಇವು ಧಣಿಗಳ ಮನೆಯ ಕಥೆಗಳು. ಸುತ್ತಿದ ಕೈಯ ಹೆಸರು ಇವುಗಳಲ್ಲಿ ಬರುವುದು ಅಪರೂಪ. 2006ರಲ್ಲಿ ಹವಾನಾದ ‘ಕೊಹೀಬಾ’ದವರು ತಮ್ಮ ನಲವತ್ತನೆಯ ವರ್ಷದ ನೆನಪಿಗಾಗಿ ಹೊರಡಿಸಿದ ನಾಲ್ಕು ಸಾವಿರ ಸಿಗಾರುಗಳನ್ನೂ ನೋರ್ಮಾ ಫರ್ನಾಂಡೆಸ್ ಎಂಬ ಒಬ್ಬಳೇ ಹೆಂಗಸು ಸುತ್ತಿದಳೆಂದು ಹೇಳಿಕೊಂಡರು. ಹಾಗೆ ಹೇಳಿಕೊಂಡದ್ದೇ ಸುದ್ದಿಯಾಯಿತು ಎಂದ ಮೇಲೆ ಉಳಿದ ಕೈಗಳ ಗತಿಯನ್ನು ನಾವು ಊಹಿಸಬಹುದು. ಸುತ್ತುವ ಕೈಯಾದರೂ ಇಷ್ಟು ಕಂಡಿತು. ಆ ಕೈಗಳಿಗೆ ಎದುರಾಗಿ ಎತ್ತರದಲ್ಲಿ ಕುಳಿತಿದ್ದ ಇನ್ನೊಬ್ಬನಿದ್ದಾನೆ. ಅವನು ವಂಶಾವಳಿಯಲ್ಲಿ ಎಲ್ಲಿಯೂ ಇಲ್ಲ. ಅವನೇ ‘ಲೆಕ್ತೋರ್’, ಎಂದರೆ ಓದುವವನು. ಕ್ರೂಸ್ ಅವರ ನಾಟಕದ ನಾಯಕನೂ ಅವನೇ.

ಸಿಗಾರು ಸುತ್ತುವ ಕೆಲಸದ ಸ್ವಭಾವವನ್ನು ಸ್ವಲ್ಪ ತಿಳಿದರೆ ಓದುವವನು ಅಲ್ಲಿಗೆ ಏಕೆ ಬಂದನೆಂಬುದು ಗೊತ್ತಾಗುತ್ತದೆ. ಒಳಗೆ ತುಂಬುವ ಎಲೆ, ಅದನ್ನು ಹಿಡಿದಿಡುವ ಎಲೆ, ಮೇಲೆ ನುಣುಪಾಗಿ ಸುತ್ತುವ ಎಲೆ. ಕೈಯಲ್ಲಿ ಹಿಡಿಯಿಲ್ಲದ, ಅಂಚು ಬಾಗಿದ ಒಂದು ಚಪ್ಪಟೆ ಚೂರಿ. ಇಷ್ಟೇ ಉಪಕರಣ. ಕಣ್ಣಿಗೂ ಬೆರಳಿಗೂ ಬಿಡುವಿಲ್ಲ; ಕಿವಿ ಮಾತ್ರ ಬರಿದು. ಸದ್ದಿಲ್ಲದ ಕೆಲಸ. 1865ರ ಕೊನೆಯಲ್ಲಿ ಹವಾನಾದ ‘ಎಲ್ ಫಿಗಾರೊ’ ಕಾರ್ಖಾನೆಯ ಕೆಲಸಗಾರರು ತಮ್ಮಲ್ಲೊಬ್ಬನನ್ನು ಓದಲು ಕೂರಿಸಿದರು. ಕೆಲವೇ ದಿನಗಳಲ್ಲಿ ‘ಪಾರ್ತಗಾಸ್’ ಕಾರ್ಖಾನೆಯೂ ಅದೇ ಹಾದಿ ಹಿಡಿಯಿತು. 1866ರ ಮಧ್ಯದ ಹೊತ್ತಿಗೆ ಸ್ಪೇನಿನ ಅಧಿಕಾರಿಗಳು ಅದನ್ನು ನಿಷೇಧಿಸಿಯೂ ಆಗಿತ್ತು! ನಿಷೇಧಕ್ಕೆ ಇಷ್ಟು ಬೇಗ ಪಾತ್ರವಾದ ಸಾಹಿತ್ಯಸೇವೆ ಲೋಕದಲ್ಲಿ ಇನ್ನೊಂದು ಇದ್ದರೆ ನಾನು ಕಾಣೆ. ಆದರೂ ಓದು ನಿಲ್ಲಲಿಲ್ಲ. ಕ್ಯೂಬಾದ ಕಾರ್ಖಾನೆಗಳಲ್ಲಿ ಇಂದಿಗೂ ನಿಂತಿಲ್ಲ. ವಿಸೆಂತೆ ಮಾರ್ತಿನೆಸ್ ಈಬೋರ್ ಎಂಬ ಸ್ಪೇನ್ ಮೂಲದ ಧಣಿ ಕ್ಯೂಬಾದಿಂದ ತಪ್ಪಿಸಿಕೊಂಡು ಕೀ ವೆಸ್ಟ್‌ಗೆ, ಅಲ್ಲಿಂದ 1886ರ ಸುಮಾರಿಗೆ ಟ್ಯಾಂಪಾಕ್ಕೆ ಉದ್ಯಮವನ್ನು ಸಾಗಿಸಿ ‘ಈಬೋರ್ ಸಿಟಿ’ಯನ್ನು ಕಟ್ಟಿದಾಗ, ಕೆಲಸಗಾರರ ಜೊತೆಗೆ ಓದುವವನೂ ಹೋದ. ಬೆಳಿಗ್ಗೆ ವೃತ್ತಪತ್ರಿಕೆ, ಆಮೇಲೆ ಕಾರ್ಮಿಕರ ಪತ್ರಿಕೆಗಳು, ಕೊನೆಗೆ ಕಾದಂಬರಿ: ಸರ್ವಾಂತೆಸ್, ಹ್ಯೂಗೊ, ಜೋಲಾ. ಯಾವ ಕಾದಂಬರಿ ಎಂಬುದನ್ನು ಕೆಲಸಗಾರರೇ ಆರಿಸುತ್ತಿದ್ದರು. ಮೆಚ್ಚಿಕೆಯಾದರೆ ಚೂರಿಯನ್ನು ಹಲಗೆಗೆ ಬಡಿಯುತ್ತಿದ್ದರು. ಅದೇ ಅವರ ಚಪ್ಪಾಳೆ. ಇನ್ನೊಂದು ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ನನ್ನ ಜಗಳವೆಲ್ಲ ಅದನ್ನೇ ಅವಲಂಬಿಸಿದೆ: ಓದುವವನ ಸಂಬಳ ಧಣಿಯದಲ್ಲ. ವಾರವಾರವೂ ಕೆಲಸಗಾರರು ತಮ್ಮ ಕೂಲಿಯಿಂದ ತೆತ್ತ ವಂತಿಗೆ.

ಇನ್ನು ನಾಟಕಕ್ಕೆ ಬರೋಣ. ಕಾಲ 1929, ಸ್ಥಳ ಈಬೋರ್ ಸಿಟಿ. ಸಾಂಟಿಯಾಗೊ ಎಂಬಾತನ ಸಣ್ಣ ಕಾರ್ಖಾನೆ. ಹೆಂಡತಿ ಒಫೇಲಿಯಾ, ಹೆಣ್ಣುಮಕ್ಕಳು ಕೊಂಚೀತಾ ಮತ್ತು ಮಾರೇಲಾ, ಅಳಿಯ ಪಲೋಮೊ, ಮಲತಮ್ಮ ಚೆಚೆ. ಗಂಡಸರು ಕೋಳಿ ಅಂಕದಲ್ಲಿ ದುಡ್ಡು ಕಳೆಯುತ್ತಿರುವ ಹೊತ್ತಿನಲ್ಲಿ ಹೆಂಗಸರು ಬಂದರಿನಲ್ಲಿ ನಿಂತು ಕ್ಯೂಬಾದಿಂದ ಬರುವ ಹೊಸ ಲೆಕ್ತೋರನನ್ನು ಕಾಯುತ್ತಾರೆ. ಆ ಕಡೆ ಸೋತ ಸಾಂಟಿಯಾಗೊ ತಮ್ಮನಿಂದ ಸಾಲ ಪಡೆದು, ತೀರಿಸದಿದ್ದರೆ ಕಾರ್ಖಾನೆಯಲ್ಲಿ ಪಾಲು ಕೊಡುವೆನೆಂದು ಅವನ ಬೂಟಿನ ಅಟ್ಟೆಯ ಮೇಲೆಯೇ ಪತ್ರ ಬರೆದುಕೊಡುತ್ತಾನೆ. ಬರೆದದ್ದು ಅಳಿಸೀತೆಂದು ಚೆಚೆ ಆ ಬೂಟನ್ನು ಕೈಯಲ್ಲಿ ಹಿಡಿದು ಒಂಟಿ ಬೂಟಿನಲ್ಲಿ ನಡೆಯುತ್ತಾನೆ. ಮನೆತನದ ಆಸ್ತಿ ಎಂಬುದರ ಮೇಲೆ ಇದಕ್ಕಿಂತ ಚೊಕ್ಕವಾದ ವ್ಯಾಖ್ಯಾನವನ್ನು ನಾನು ಓದಿಲ್ಲ. ಹಡಗಿನಿಂದಿಳಿದ ಖ್ವಾನ್ ಖೂಲಿಯಾನ್ ಓದಲು ಎತ್ತಿಕೊಳ್ಳುವ ಪುಸ್ತಕ ಟಾಲ್‌ಸ್ಟಾಯ್ ಬರೆದ ‘ಅನ್ನಾ ಕರೆನಿನಾ’. ಫ್ಲಾರಿಡಾದ ಸೆಕೆಯಲ್ಲಿ ರಷ್ಯದ ಹಿಮ ಬೀಳಲು ಮೊದಲಾಗುತ್ತದೆ.

ನಾಟಕದ ಸೊಗಸೆಲ್ಲ ಇಲ್ಲಿದೆ. ಒಂದೇ ಕಥೆ ಐದಾರು ಕಿವಿಗಳಲ್ಲಿ ಐದಾರು ಕಥೆಯಾಗುತ್ತದೆ. ಗಂಡನ ಪರಸ್ತ್ರೀ ಸಹವಾಸವನ್ನು ನುಂಗಿಕೊಂಡಿದ್ದ ಕೊಂಚೀತಾ ಅನ್ನಾಳಿಂದ ಧೈರ್ಯ ಕಲಿತು ಓದುವವನಲ್ಲೇ ಮನಸ್ಸಿಡುತ್ತಾಳೆ. ಪಲೋಮೊ ಇದ್ದಕ್ಕಿದ್ದಂತೆ ತಾನು ಅನ್ನಾಳ ಗಂಡನ ಸ್ಥಾನದಲ್ಲಿ ನಿಂತಿರುವುದನ್ನು ಕಾಣುತ್ತಾನೆ. ಮುದುಕ ಸಾಂಟಿಯಾಗೊನಿಗೆ ಪ್ರೇಮಿಗಳ ಗೊಡವೆ ಬೇಡ. ಅವನಿಗೆ ಹಿಡಿಸುವುದು ಹೊಲಗದ್ದೆಯನ್ನು ನಂಬಿದ ಲೆವಿನ್. ಅದೇ ಹುಮ್ಮಸ್ಸಿನಲ್ಲಿ ಎದ್ದು ಅವನು ‘ಅನ್ನಾ ಕರೆನಿನಾ’ ಎಂಬ ಹೊಸ ಸಿಗಾರನ್ನು ಮಾಡಿಸುತ್ತಾನೆ, ಅದರ ಚೀಟಿಯ ಚಿತ್ರಕ್ಕೆ ಮಗಳು ಮಾರೇಲಾಳನ್ನೇ ನಿಲ್ಲಿಸುತ್ತಾನೆ. ಇದು ಬರಿಯ ಕಲ್ಪನೆಯ ಮಾತಲ್ಲ. ‘ರೋಮಿಯೊ ಈ ಹುಲಿಯೇತಾ’ ಎಂಬ ಹವಾನಾ ಸಿಗಾರಿನ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. 1935ರಲ್ಲಿ ಮೆನೆಂಡೆಸ್ ಮನೆಯವರು ಹೊರಡಿಸಿದ ‘ಮಾಂತೆಕ್ರಿಸ್ತೊ’ ಎಂಬ ಹೆಸರು, ಸುತ್ತುವವರು ಡ್ಯೂಮಾನ ಕಾದಂಬರಿಯನ್ನು ಅಷ್ಟೊಂದು ಮೆಚ್ಚಿದ್ದರಿಂದ ಬಂತೆಂದು ಹೇಳುತ್ತಾರೆ. ಓದು ನಿಂತುಹೋದ ಊರಿನಲ್ಲಿಯೂ ಅದರ ಗುರುತು ಪೆಟ್ಟಿಗೆಯ ಮೇಲೆ ಉಳಿದಿರುತ್ತದೆ. ಕ್ರೂಸ್ ಇದನ್ನು ಬಲ್ಲರು, ಎಲ್ಲಿಯೂ ಒತ್ತಿ ಹೇಳದೆ ಬಳಸಿಕೊಂಡಿದ್ದಾರೆ.

ಚೆಚೆ ಯಂತ್ರ ತರಬೇಕೆನ್ನುತ್ತಾನೆ. ಯಂತ್ರದ ಗದ್ದಲದಲ್ಲಿ ಓದುವವನ ದನಿ ಯಾರಿಗೂ ಕೇಳಿಸದು ಎಂಬುದು ಖ್ವಾನ್ ಖೂಲಿಯಾನನ ಉತ್ತರ. ಆ ವಾದವಿವಾದದ ದೃಶ್ಯ ಕಟ್ಟುಮಸ್ತಾಗಿದೆ. ಆದರೆ ಚೆಚೆಯ ಹಟಕ್ಕೆ ಮೂಲ ಬೇರೆ: ಅವನ ಹೆಂಡತಿ ಹಿಂದಿನ ಲೆಕ್ತೋರನೊಬ್ಬನೊಡನೆ ಓಡಿಹೋಗಿದ್ದಾಳೆ. ಕೊನೆಗೆ ಅದೇ ಹೊಟ್ಟೆಯುರಿಯಲ್ಲಿ ಅವನು ಓದುತ್ತಿರುವವನನ್ನು ಗುಂಡಿಟ್ಟು ಕೊಲ್ಲುತ್ತಾನೆ.

ನನ್ನ ಜಗಳ ಇಲ್ಲಿ ಪ್ರಾರಂಭವಾಗುತ್ತದೆ. ಟ್ಯಾಂಪಾದ ಓದುವವರ ಬಾಯಿ ನಿಜವಾಗಿ ಮುಚ್ಚಿದ್ದು ಹೇಗೆ? 1931ರ ನವೆಂಬರಿನಲ್ಲಿ ಕಾರ್ಖಾನೆಯ ಧಣಿಗಳೆಲ್ಲ ಸೇರಿ, ಓದುವವರು ಕೆಂಪು ಬಣ್ಣದ ರಾಜಕೀಯವನ್ನು ಹರಡುತ್ತಿದ್ದಾರೆಂದು ಹೇಳಿ, ಅವರು ಕೂರುತ್ತಿದ್ದ ಅಟ್ಟಣೆಗಳನ್ನು ಕೀಳಿಸಿದರು. ಸಾವಿರಾರು ಕೆಲಸಗಾರರು ಎದ್ದು ಹೊರನಡೆದರು. ಧಣಿಗಳು ಬಾಗಿಲು ಹಾಕಿದರು. ಮತ್ತೆ ಬಾಗಿಲು ತೆರೆದಾಗ ಓದುವವನಿರಲಿಲ್ಲ. ಆ ಜಾಗಕ್ಕೆ ರೇಡಿಯೊ ಬಂತು. ಅಂದರೆ ಅವನನ್ನು ಹೊರಹಾಕಿದ್ದು ಅವನು ಓದಿದ ಕಾದಂಬರಿಯ ಪ್ರೇಮಕ್ಕಾಗಿ ಅಲ್ಲ, ಓದಿದ ಪತ್ರಿಕೆಗಳಿಗಾಗಿ. ಕೆಲಸಗಾರರ ದುಡ್ಡಿನಿಂದ ಧಣಿಯ ಮನೆಯೊಳಗೇ ಧಣಿಗೆ ಸೇರದ ಒಂದು ದನಿ ಇತ್ತಲ್ಲ, ಅದಕ್ಕಾಗಿ. ನಾಟಕದಲ್ಲಿ ನಮ್ಮ ಕಿವಿಗೆ ಬೀಳುವುದೆಲ್ಲ ಟಾಲ್‌ಸ್ಟಾಯ್. ಓದುವವನು ಧಣಿಯ ಮನೆಯ ಹೆಂಗಸರು ಕರೆಸಿಕೊಂಡ ಅತಿಥಿ. ಕೆಲಸಗಾರರೆಂದು ನಾವು ಕಾಣುವವರೂ ಬಹುಮಟ್ಟಿಗೆ ಆ ಮನೆಯವರೇ. ಹೀಗೆ ಊರಿನ ಸಂಗತಿಯೊಂದು ಮನೆಯ ಸಂಗತಿಯಾಗಿ, ಮುಷ್ಕರವಾಗಬೇಕಾದದ್ದು ಮತ್ಸರವಾಗಿದೆ. ಸಿಗಾರಿನ ಪೆಟ್ಟಿಗೆಗಳ ಮೇಲಿನ ವಂಶಾವಳಿಯ ತಪ್ಪನ್ನೇ, ಇಷ್ಟು ಸೂಕ್ಷ್ಮಮತಿಯಾದ ನಾಟಕಕಾರರೂ ಮಾಡಿದರಲ್ಲಾ ಎಂಬುದು ನನ್ನ ವ್ಯಥೆ.

ನಾಟಕಕಾರ ಇತಿಹಾಸಕಾರನಲ್ಲ, 1929ರ ಕಥೆಯಲ್ಲಿ 1931ನ್ನು ಹುಡುಕುವುದು ಅನ್ಯಾಯ ಎನ್ನುವವರುಂಟು. ಒಪ್ಪುತ್ತೇನೆ. ಆದರೆ ನಾನು ಕೇಳುವುದು ಇಸವಿಯನ್ನಲ್ಲ, ಕಾರಣವನ್ನು. ಚೆಚೆಯ ಗುಂಡಿಗೆ ಬಲಿಯಾಗುವವನು ಸುಂದರನಾದ ಪ್ರಣಯಿ. ಅವನ ಜಾಗದಲ್ಲಿ ಒಬ್ಬ ಸಂಗೀತದ ಮೇಷ್ಟರಿದ್ದರೂ ಕಥೆ ಹೀಗೆಯೇ ನಡೆಯುತ್ತಿತ್ತು. ಇನ್ನೊಂದು ಸಣ್ಣ ಆಕ್ಷೇಪವೂ ಉಂಟು: ಇಲ್ಲಿ ಎಲ್ಲರೂ ಉಪಮೆಯಲ್ಲೇ ಮಾತನಾಡುತ್ತಾರೆ. ಅಪ್ಪ, ಅವ್ವ, ಮಗಳು, ಪ್ರಿಯಕರ, ಎಲ್ಲರ ಬಾಯಲ್ಲೂ ಕವಿ ಕ್ರೂಸ್. ಕಥೆ ಕೇಳಿ ಬೆಳೆದವರ ಮಾತು ಹೀಗಿರಬಹುದೆಂದು ಸಮರ್ಥಿಸಬಹುದು. ನಮ್ಮ ಹಳ್ಳಿಯ ಜಗುಲಿಗಳಲ್ಲಿ ಜೈಮಿನಿ ಭಾರತ ಕೇಳಿದವರ ಜಗಳದಲ್ಲೂ ಪುರಾಣದ ಪಾತ್ರಗಳು ಬಂದುಹೋಗುತ್ತಿದ್ದುದುಂಟು. ಆದರೆ ಅವರು ನಡುವೆ ಅಕ್ಕಿಯ ಧಾರಣೆಯನ್ನೂ ಆಡುತ್ತಿದ್ದರು.

ಈ ಸಂಗತಿ ನಮಗೆ ದೂರದ್ದೇನೂ ಅಲ್ಲ. 1968ರಲ್ಲಿ ಮಂಗಳೂರಿನ ಬೀಡಿ ಧಣಿಗಳು, ಬೀಡಿ ಕಾರ್ಮಿಕರ ಹೊಸ ಕಾಯಿದೆಗೆ ಒಗ್ಗದೆ, ಕಣ್ಣೂರಿನ ಕಡೆಯ ಕೆಲಸವನ್ನು ನಿಲ್ಲಿಸಿದಾಗ, ಕೆಲಸ ಕಳೆದುಕೊಂಡವರನ್ನು ಸೇರಿಸಿ ಮರುವರ್ಷ ಕಟ್ಟಿದ ದಿನೇಶ್ ಬೀಡಿ ಸಹಕಾರ ಸಂಘದಲ್ಲಿಯೂ ಒಬ್ಬ ಪತ್ರಿಕೆ ಓದುತ್ತಿದ್ದ, ಉಳಿದವರು ಸುತ್ತುತ್ತಿದ್ದರು. ಆ ಸೀಮೆಯ ಹಳೆಯ ಬೀಡಿ ಕಟ್ಟೆಗಳಲ್ಲಿ ಓದುವವನ ಪಾಲಿನ ಬೀಡಿಗಳನ್ನು ಜೊತೆಯವರೇ ಸುತ್ತಿಕೊಡುವ ವಾಡಿಕೆಯಿತ್ತು. ಹವಾನಾದ ಹೆಸರನ್ನೂ ಕೇಳದವರು ಅದೇ ಏರ್ಪಾಟಿಗೆ ತಾವೇ ಬಂದಿದ್ದರು. ಕೆಲಸ ಒಂದೇ ತೆರನಾದದ್ದು, ಬರಿದಾದ ಕಿವಿಯೂ ಒಂದೇ.

ಇಷ್ಟು ಜಗಳವಾಡಿದ ಮೇಲೂ ಕೊನೆಯ ದೃಶ್ಯದ ಮುಂದೆ ನಾನು ಸುಮ್ಮನಾಗುತ್ತೇನೆ. ಓದುವವನು ಸತ್ತಿದ್ದಾನೆ. ಚೆಚೆಯ ಕೈಯಲ್ಲಿ ನೊಂದ ಮಾರೇಲಾ ಸೆಕೆಯಲ್ಲೂ ಮೈತುಂಬ ಕೋಟು ಹಾಕಿಕೊಂಡು ಕುಳಿತಿದ್ದಾಳೆ, ತೆಗೆಯಲೊಲ್ಲಳು. ಮೌನದಲ್ಲಿ ಕೆಲಸ ಸಾಗುವುದಿಲ್ಲ. ಆಗ ಎದ್ದು ಪುಸ್ತಕವನ್ನು ಕೈಗೆತ್ತಿಕೊಂಡು ಬಿಟ್ಟ ಕಡೆಯಿಂದ ಓದುವವನು ಪಲೋಮೊ. ಹೆಂಡತಿಯನ್ನು ಆ ಓದಿಗೇ ಕಳೆದುಕೊಂಡಿದ್ದ ಗಂಡ. 1865ರಲ್ಲಿ ಹವಾನಾದಲ್ಲಿ ನಡೆದದ್ದೂ ಇದೇ, ಸುತ್ತುವವರೊಳಗಿನವನೊಬ್ಬ ಎದ್ದು ಓದಲು ಕೂತದ್ದು. ನಮ್ಮ ಹವ್ಯಾಸಿ ತಂಡದವರು ಯಾರಾದರೂ ಇದನ್ನು ಕನ್ನಡಕ್ಕೆ ತಂದು ಆಡುವುದಾದರೆ ಪಲೋಮೊನ ಪಾತ್ರಕ್ಕೆ ಓದಲು ತಡವರಿಸುವ ನಟನನ್ನೇ ಹುಡುಕಲಿ, ಮತ್ತು ಅಟ್ಟಣೆಯ ಮೇಲೆ ಕಾದಂಬರಿಯ ಪಕ್ಕದಲ್ಲಿ ಆ ದಿನದ ಒಂದು ವೃತ್ತಪತ್ರಿಕೆಯನ್ನೂ ಇಟ್ಟಿರಲಿ.