ತೂಕ ಇಳಿಯಿತು, ಮುಖವೂ ಇಳಿಯಿತು

ಕನ್ನಡದ ‘ಇಳಿ’ ಅನ್ನೋ ಒಂದು ಕ್ರಿಯಾಪದ ಎಷ್ಟೊಂದು ಕೆಲಸ ಮಾಡುತ್ತೆ ನೋಡಿ. ಜ್ವರ ಇಳಿಯುತ್ತೆ, ಹೊತ್ತು ಇಳಿಯುತ್ತೆ, ತೂಕ ಇಳಿಯುತ್ತೆ, ಕೊನೆಗೆ ಬರೋದು ಇಳಿವಯಸ್ಸು. ‘ಏನೋ, ತುಂಬಾ ಇಳಿದುಹೋಗಿದೀಯ’ ಅಂತ ಯಾರಾದರೂ ಹೇಳಿದರೆ ಅದು ಹೊಗಳಿಕೆಯೋ ಕಾಳಜಿಯೋ ಅಂತ ದನಿ ಕೇಳಿಯೇ ತಿಳಿಯಬೇಕು. ಹದಿನಾರು ತಿಂಗಳಲ್ಲಿ 26 ಕೆಜಿ ಇಳಿಸಿದ ನಾನು ಎರಡೂ ದನಿ ಕೇಳಿದ್ದೇನೆ. ಜಿಮ್ಮಿನಲ್ಲಿ ಮೊದಲನೆಯದು. ಮದುವೆಮನೆಗಳಲ್ಲಿ ಎರಡನೆಯದು, ಜೊತೆಗೆ ‘ಶುಗರ್ ಚೆಕ್ ಮಾಡಿಸ್ದಾ?’ ಅನ್ನೋ ಬಾಲ.

ಕೇಳಿದವರ ತಪ್ಪೇನೂ ಇಲ್ಲ. ಕೆನ್ನೆ ಒಳಗೆ ಹೋಗಿತ್ತು. ಮೂಗಿನ ಬದಿಯಿಂದ ಬಾಯಂಚಿಗೆ ಇಳಿಯುವ ಗೆರೆ ಆಳವಾಗಿತ್ತು. ದವಡೆಯಂಚಿನಲ್ಲಿ ಚರ್ಮ ಸಣ್ಣ ಚೀಲದ ಹಾಗೆ ಜೋತುಬಿದ್ದಿತ್ತು. ವಯಸ್ಸು 37. ಒಂದಷ್ಟು ದಿನ ಗಡ್ಡ ಬಿಟ್ಟು ಸಾಗಿಸಿದೆ. ಆಮೇಲೆ ಬೆಂಗಳೂರಿನಲ್ಲೇ ಮೂರು ಕಡೆ ವಿಚಾರಿಸಿದೆ, ಬ್ರೋಷರುಗಳನ್ನು ಓದಿದೆ, ನೂರಾರು ಬಿಫೋರ್-ಆಫ್ಟರ್ ಫೋಟೋ ನೋಡಿದೆ. ಈ ಬರಹ ಆ ಸಾಹಿತ್ಯದ ವಿಮರ್ಶೆ. ಹೌದು, ಅದನ್ನೂ ಸಾಹಿತ್ಯ ಅಂತಲೇ ಕರೀತೀನಿ. ನಾಯಕ, ಸಂಕಟ, ಪರಿಹಾರ, ಸುಖಾಂತ್ಯ ಎಲ್ಲಾ ಎರಡೇ ಚೌಕದಲ್ಲಿ ಮುಗಿಯುವ ಪ್ರಕಾರ ಇನ್ಯಾವುದಿದೆ?

ಮೊದಲ ಚೌಕದಲ್ಲಿ ಬೆಳಕು ನೆತ್ತಿಯ ಮೇಲಿಂದ ಬೀಳುತ್ತೆ, ಕಣ್ಣಿನ ಕೆಳಗೆ ನೆರಳು. ಎರಡನೆಯದರಲ್ಲಿ ಬೆಳಕು ಎದುರಿನಿಂದ, ಗದ್ದ ಅರ್ಧ ಇಂಚು ಮೇಲೆ, ತುಟಿಯಲ್ಲಿ ಸಣ್ಣ ನಗು. ನಕ್ಕರೆ ಕೆನ್ನೆ ತಾನೇ ಮೇಲೇಳುತ್ತೆ, ಅದಕ್ಕೆ ಇಎಂಐ ಬೇಕಿಲ್ಲ. ಇಷ್ಟನ್ನು ನೀವೂ ಗಮನಿಸಿರ್ತೀರಿ. ಗಮನಕ್ಕೆ ಬಾರದೇ ಹೋಗೋದು ದಿನಾಂಕ. ಶಾಖ ಕೊಟ್ಟು ಚರ್ಮ ಬಿಗಿ ಮಾಡುವ ಯಂತ್ರಗಳು ಒಳಗೆ ಹೊಸ ಕೊಲಾಜೆನ್ ಹುಟ್ಟಿಸಬೇಕು, ಅದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತೆ. ನನಗೆ ತೋರಿಸಿದ ‘ಆಫ್ಟರ್’ಗಳಲ್ಲಿ ಸುಮಾರು ಚಿತ್ರಗಳು ಅದೇ ದಿನದವು. ಆ ದಿನ ಮುಖ ತುಂಬಿಕೊಂಡಂತೆ ಕಂಡರೆ ಅದು ಊತ. ವಾರದಲ್ಲಿ ಇಳಿಯುತ್ತೆ. (ನೋಡಿ, ಮತ್ತೆ ಅದೇ ಕ್ರಿಯಾಪದ.)

ಫೋಟೋಗಿಂತ ದೊಡ್ಡ ತಕರಾರು ಇರೋದು ‘ಲೂಸ್ ಸ್ಕಿನ್’ ಅನ್ನೋ ಹೆಸರಿನ ಬಗ್ಗೆ. ಎರಡು ಬೇರೆ ಬೇರೆ ತೊಂದರೆಗಳನ್ನು ಅದು ಒಂದೇ ಡಬ್ಬಿಗೆ ಹಾಕುತ್ತೆ. ಹಳೇ ಹತ್ತಿ ದಿಂಬನ್ನು ನೆನಪಿಸಿಕೊಳ್ಳಿ. ಹತ್ತಿ ಕಡಿಮೆಯಾದರೂ ಕವರ್ ಸಡಿಲ ಕಾಣುತ್ತೆ, ಬಟ್ಟೆ ಜಗ್ಗಿ ಹೋದರೂ ಕವರ್ ಸಡಿಲ ಕಾಣುತ್ತೆ. ಮೊದಲನೆಯದಕ್ಕೆ ಹತ್ತಿ ತುಂಬಬೇಕು, ಎರಡನೆಯದಕ್ಕೆ ಟೈಲರ್ ಬೇಕು. ಮುಖದ ಹತ್ತಿಯೂ ಒಂದೇ ಹಾಸಲ್ಲ. 2007ರಲ್ಲಿ ರಾಡ್ ರೋರಿಕ್ ಮತ್ತು ಜೋಯಲ್ ಪೆಸ್ಸಾ ಎಂಬ ಅಮೆರಿಕದ ವೈದ್ಯರು ಮೃತದೇಹಗಳ ಮುಖಕ್ಕೆ ಬಣ್ಣ ಚುಚ್ಚಿ, ಅದು ಎಲ್ಲಿವರೆಗೆ ಹರಡಿ ಎಲ್ಲಿ ನಿಲ್ಲುತ್ತೆ ಅಂತ ನೋಡಿದರು. ಹಲಸಿನ ತೊಳೆಗಳ ಹಾಗೆ ಕೊಬ್ಬು ಬೇರೆ ಬೇರೆ ಕೋಣೆಗಳಲ್ಲಿ ಕೂತಿದೆ ಅನ್ನೋದು ಹಾಗೆ ಗೊತ್ತಾಯಿತು. ಒಂದು ಕೋಣೆ ಬರಿದಾದರೆ ಅದರ ಪಕ್ಕದ್ದು ಜೋತುಬಿದ್ದಂತೆ ಕಾಣುತ್ತೆ. ಇನ್ನು ಕವರಿನ ವಿಷಯ. ಚರ್ಮಕ್ಕೆ ರಬ್ಬರಿನ ಗುಣ ಕೊಡುವ ಎಲಾಸ್ಟಿನ್ನನ್ನು ದೇಹ ಬಹುಪಾಲು ಚಿಕ್ಕ ವಯಸ್ಸಿನಲ್ಲೇ ಮಾಡಿ ಮುಗಿಸಿರುತ್ತೆ. ಎಷ್ಟು ವರ್ಷ ದಪ್ಪಗಿದ್ದಿರಿ, ಎಷ್ಟು ಇಳಿಸಿದಿರಿ, ಎಷ್ಟು ಬಿಸಿಲು ಕಂಡಿರಿ, ಸಿಗರೇಟು ಸೇದ್ತಿದ್ರಾ ಅನ್ನೋದರ ಮೇಲೆ ಉಳಿದ ಲೆಕ್ಕ. ಇಪ್ಪತ್ತೈದರವರಿಗೆ ಹಿಂದಕ್ಕೆ ಬರುವಷ್ಟು ಚರ್ಮ ಐವತ್ತರವರಿಗೆ ಬರೋದಿಲ್ಲ.

ನಾನು ಹೋದ ಮೊದಲ ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಿಲ್ಲ. ಮಾತಾಡಿದ್ದು ವೈದ್ಯರಲ್ಲ, ಟ್ಯಾಬ್ಲೆಟ್ ಹಿಡಿದ ‘ಕೌನ್ಸಿಲರ್’. ನಾಲ್ಕು ಸೆಷನ್ ಹೈಫು, ಇವತ್ತೇ ಬುಕ್ ಮಾಡಿದರೆ ರಿಯಾಯಿತಿ. ಎರಡನೇ ಕಡೆ ರೇಡಿಯೋ ಫ್ರೀಕ್ವೆನ್ಸಿ ಮೈಕ್ರೋನೀಡ್ಲಿಂಗ್ ಅಂದರು. ಅಲ್ಲ ಸ್ವಾಮಿ, ಅದೇ ಮುಖ, ಅದೇ ವಾರ. ಬದಲಾಗಿದ್ದು ಯಂತ್ರ ಒಂದೇ. ಯಾರ ಹತ್ತಿರ ಯಾವ ಯಂತ್ರ ಇದೆಯೋ ನನಗೆ ಅದೇ ಕಾಯಿಲೆ.

ಈ ಯಂತ್ರಗಳನ್ನು ಪೂರ್ತಿ ತಳ್ಳಿಹಾಕೋದು ನ್ಯಾಯವಲ್ಲ. ನಮ್ಮ ದಿಂಬಿನ ಲೆಕ್ಕದಲ್ಲಿ ಇವು ಇಸ್ತ್ರಿಪೆಟ್ಟಿಗೆ. ಅಲ್ಟ್ರಾಸೌಂಡನ್ನು ಒಂದು ಬಿಂದುವಿಗೆ ಗುರಿಯಿಟ್ಟು ಕೆಲವೇ ಮಿಲಿಮೀಟರ್ ಆಳದಲ್ಲಿ ಶಾಖ ಹುಟ್ಟಿಸುವ ಅಲ್ಥೆರಪಿಗೆ 2009ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು ಹುಬ್ಬು ಎತ್ತಲಿಕ್ಕೆ. ಕವರ್ ಸ್ವಲ್ಪ ಸುಕ್ಕಾಗಿದ್ದರೆ ಇಸ್ತ್ರಿಯಿಂದ ಸ್ವಲ್ಪ ಉಪಯೋಗ ಇದೆ. ಆದರೆ ‘ನಾನ್-ಸರ್ಜಿಕಲ್ ಫೇಸ್‌ಲಿಫ್ಟ್’ ಅಂತ ಕರೆಯೋದು ಇಸ್ತ್ರಿ ಅಂಗಡಿಗೆ ಟೈಲರ್ ಬೋರ್ಡು ಹಾಕಿದ ಹಾಗೆ. ಎಷ್ಟು ಉಜ್ಜಿದರೂ ಹೆಚ್ಚಾದ ಬಟ್ಟೆ ಕಡಿಮೆ ಆಗೋದಿಲ್ಲ. ಇನ್ನೊಂದು ಮಾತು. 2025ರ ಅಕ್ಟೋಬರಿನಲ್ಲಿ ಅದೇ ಎಫ್‌ಡಿಎ ರೇಡಿಯೋ ಫ್ರೀಕ್ವೆನ್ಸಿ ಮೈಕ್ರೋನೀಡ್ಲಿಂಗ್ ಬಗ್ಗೆ ಎಚ್ಚರಿಕೆ ಹೊರಡಿಸಿತು. ವರದಿಯಾದ ತೊಂದರೆಗಳ ಪಟ್ಟಿಯಲ್ಲಿ ಸುಟ್ಟಗಾಯ, ಕಲೆ, ನರಕ್ಕೆ ಪೆಟ್ಟು, ಜೊತೆಗೆ ಕೊಬ್ಬು ಕರಗುವುದು. ಮುಖದ ಕೊಬ್ಬು ಕಳೆದುಕೊಂಡಿದ್ದಕ್ಕೇ ಬಂದು ಕೂತವನಿಗೆ ಇರೋ ಕೊಬ್ಬನ್ನೂ ಕರಗಿಸಬಲ್ಲ ಶಾಖ!

ಹತ್ತಿ ತುಂಬುವ ದಾರಿಗಳು ಬೇರೆ. ಹಯಲುರಾನಿಕ್ ಆಸಿಡ್ ಫಿಲ್ಲರ್ ಕೆಲವು ತಿಂಗಳಿಂದ ವರ್ಷ, ಒಂದೂವರೆ ವರ್ಷ ನಿಲ್ಲುತ್ತೆ. ಇಷ್ಟವಾಗದಿದ್ದರೆ ಇನ್ನೊಂದು ಇಂಜೆಕ್ಷನ್ ಕೊಟ್ಟು ಕರಗಿಸಬಹುದು, ಅದು ಅದರ ದೊಡ್ಡ ಗುಣ. ಸೂಜಿ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು, ಆದ್ದರಿಂದ ಚುಚ್ಚುವವರು ಯಾರು ಅನ್ನೋದು ಬೆಲೆಗಿಂತ ಮುಖ್ಯ. ಹೊಟ್ಟೆಯಿಂದಲೋ ತೊಡೆಯಿಂದಲೋ ಸ್ವಂತ ಕೊಬ್ಬು ತೆಗೆದು ತುಂಬುವುದೂ ಉಂಟು. ಅದರಲ್ಲಿ ಒಂದು ಭಾಗವನ್ನು ದೇಹ ಹೀರಿಕೊಂಡುಬಿಡುತ್ತೆ, ಉಳಿದದ್ದು ನಿಮ್ಮ ತೂಕದ ಜೊತೆಗೇ ಏರಿಳಿಯುತ್ತೆ. ಇನ್ನು ಜಗ್ಗಿದ ಚರ್ಮವನ್ನು ಎತ್ತಲಿಕ್ಕೆ ಅಂತ ಫಿಲ್ಲರ್ ತುಂಬುತ್ತಾ ಹೋದರೆ ಮುಖ ಎಣ್ಣೆಗೆ ಬಿದ್ದ ಪೂರಿ. ಆ ಮುಖಗಳನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ, ಹೆಸರು ಬೇಡ.

ಥ್ರೆಡ್ ಲಿಫ್ಟ್, ಅಂದರೆ ದಾರ ಹಾಕಿ ಎಳೆಯೋದು, ಎಳೆತ ಬೇಗ ಸಡಿಲಾಗುತ್ತೆ. ಕೊಲಾಜೆನ್ ಪುಡಿ ಮತ್ತು ಫೇಸ್ ಯೋಗದ ಬಗ್ಗೆ ನಾನು ಸಮಯ ಹಾಳುಮಾಡೋದಿಲ್ಲ. ಸನ್‌ಸ್ಕ್ರೀನ್ ಮತ್ತು ರೆಟಿನಾಯ್ಡ್ ಕ್ರೀಮು ಒಳ್ಳೇ ಹುಡುಗರು, ಆದರೆ 26 ಕೆಜಿಯ ಲೆಕ್ಕವನ್ನು ಅವರ ತಲೆಗೆ ಕಟ್ಟಬಾರದು.

ಈ ಓದಿನಲ್ಲಿ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಸ್ಕಲ್ಪ್‌ಟ್ರಾ ಎಂಬ ಇಂಜೆಕ್ಷನ್ನಿನ ಕಥೆ. ಇವತ್ತು ಅದು ತೆಳ್ಳಗಾದವರ ಕೆನ್ನೆಗೆ ‘ಗ್ಲೋ’ ಕೊಡುವ ಪ್ಯಾಕೇಜು. 2004ರಲ್ಲಿ ಎಫ್‌ಡಿಎ ಅದಕ್ಕೆ ಮೊದಲ ಒಪ್ಪಿಗೆ ಕೊಟ್ಟಿದ್ದು ಎಚ್‌ಐವಿ ಇದ್ದವರ ಮುಖಕ್ಕೆ. ಸ್ಟಾವುಡಿನ್‌ನಂಥ ಹಳೆಯ ಔಷಧಿಗಳು ಜೀವ ಉಳಿಸುತ್ತಿದ್ದವು, ಜೊತೆಗೆ ಕೆನ್ನೆಯ ಕೊಬ್ಬನ್ನು ಕರಗಿಸುತ್ತಿದ್ದವು. ಮುಖ ನೋಡಿದರೆ ಕಾಯಿಲೆ ಗೊತ್ತಾಗುತ್ತಿತ್ತು. ಕೆಲಸ, ಸಂಬಂಧ, ಬಾಡಿಗೆ ಮನೆ, ಎಲ್ಲದಕ್ಕೂ ಕೆನ್ನೆಯ ಗುಳಿಯೇ ಸಾಕ್ಷಿ. ನಮ್ಮ ದೇಶದಲ್ಲಿ 2004ರಲ್ಲಿ ಉಚಿತ ಎಆರ್‌ಟಿ ಶುರುವಾದಾಗಲೂ ಸ್ಟಾವುಡಿನ್ ಬಳಕೆಯಲ್ಲಿತ್ತು. 2010ರಲ್ಲಿ ಅಮೆರಿಕದ ಮೆಡಿಕೇರ್ ಒಂದು ತೀರ್ಮಾನ ತಗೊಂಡಿತು: ಹೀಗೆ ಮುಖ ಬದಲಾಗಿ ಖಿನ್ನತೆಗೆ ಬಿದ್ದ ಎಚ್‌ಐವಿ ಸೋಂಕಿತರಿಗೆ ಈ ಇಂಜೆಕ್ಷನ್ನಿನ ಖರ್ಚು ಕೊಡುತ್ತೇವೆ. ಅಂದರೆ ಮುಖ ಕಳೆದುಕೊಂಡ ಮನುಷ್ಯನ ಸಂಕಟವನ್ನು ಒಂದು ಸರ್ಕಾರಿ ವಿಮೆ ಕಾಯಿಲೆಯ ಭಾಗ ಅಂತ ಒಪ್ಪಿಕೊಂಡಿತ್ತು.

ನನ್ನ ಸಂಕಟ ಅದಕ್ಕೆ ಸಮ ಅಂತ ಹೇಳುವಷ್ಟು ಭಂಡತನ ನನಗಿಲ್ಲ. ಆದರೂ ಆ ಕಥೆ ಗೊತ್ತಾದಮೇಲೆ ‘ಇದೆಲ್ಲಾ ಶೋಕಿ ಬಿಡ್ರಿ’ ಅನ್ನೋ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರೋದಿಲ್ಲ. ನಮ್ಮ ವಿಮಾ ಪಾಲಿಸಿಗಳ ಭಾಷೆಯನ್ನೇ ತಗೊಳ್ಳಿ. ಬಿಎಂಐ 40 ದಾಟಿದ್ದರೆ, ಅಥವಾ 35 ದಾಟಿ ಜೊತೆಗೆ ಗಂಭೀರ ಕಾಯಿಲೆ ಇದ್ದರೆ, ಬೊಜ್ಜಿನ ಶಸ್ತ್ರಚಿಕಿತ್ಸೆಗೆ ವಿಮೆ ಸಿಗುವ ದಾರಿ ಇದೆ. ಅದರ ನಂತರ ಜೋತುಬಿದ್ದ ಚರ್ಮಕ್ಕೆ? ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಬಿಟ್ಟರೆ ಪ್ಲಾಸ್ಟಿಕ್ ಸರ್ಜರಿ ಸಾಮಾನ್ಯವಾಗಿ ಹೊರಗೆ. ಮೇಲೆ ಜಿಎಸ್‌ಟಿ ಬೇರೆ. ದಪ್ಪ ಇದ್ದಾಗ ರೋಗಿ, ಇಳಿಸಿದ ಮೇಲೆ ಗಿರಾಕಿ.

ಗಿರಾಕಿ ಅಂದಮೇಲೆ ಸರಕಿಗೆ ಹೆಸರೂ ಬೇಕಲ್ಲ. ‘ಒಜೆಂಪಿಕ್ ಫೇಸ್’ ಅನ್ನೋದು ನ್ಯೂಯಾರ್ಕಿನ ಚರ್ಮವೈದ್ಯರೊಬ್ಬರು ಚಾಲ್ತಿಗೆ ತಂದ, 2023ರಲ್ಲಿ ಪತ್ರಿಕೆಗಳು ಜಗತ್ತಿಗೆಲ್ಲ ಹಂಚಿದ ಪದ. ಮೌಂಜಾರೊ, ವೆಗೋವಿ ಎರಡೂ 2025ರಲ್ಲಿ ಭಾರತಕ್ಕೆ ಬಂದವು, ಅವುಗಳ ಹಿಂದೆಯೇ ಈ ಪದವೂ ಬೆಂಗಳೂರಿನ ಕ್ಲಿನಿಕ್ಕುಗಳ ಬೋರ್ಡಿಗೆ ಬಂತು. ಔಷಧಿ ಮುಖವನ್ನು ಹುಡುಕಿಕೊಂಡು ಹೋಗಿ ಹಾಳುಮಾಡುತ್ತೆ ಅನ್ನೋ ಅರ್ಥ ಅದರಲ್ಲಿ ಅಡಗಿದೆ. ಬೇಗ ಬಹಳ ಇಳಿಸಿದರೆ ಊಟ ಬಿಟ್ಟವರಿಗೂ, ಬೇರಿಯಾಟ್ರಿಕ್ ಮಾಡಿಸಿದವರಿಗೂ ಇದೇ ಮುಖ ಬರುತ್ತೆ. ನಾನು ಯಾವ ಇಂಜೆಕ್ಷನ್ನೂ ತಗೊಂಡವನಲ್ಲ, ನನಗೂ ಬಂತು. ನಮ್ಮ ಟೀಮಿನವರೊಬ್ಬರು ಡಯಾಬಿಟಿಸ್‌ಗೆ ತಗೊಳ್ತಿದ್ದ ಇಂಜೆಕ್ಷನ್ನನ್ನು ‘ಮುಖ ಸೊರಗ್ತಾ ಇದೆ, ಮನೇಲಿ ಬೈತಾರೆ’ ಅಂತ ಡಾಕ್ಟರನ್ನೂ ಕೇಳದೆ ನಿಲ್ಲಿಸಿಬಿಟ್ಟರು. ಮೂರು ತಿಂಗಳಲ್ಲಿ ಎಚ್‌ಬಿಎ1ಸಿ ಮೇಲಕ್ಕೆ ಹೋಯಿತು. ಒಂದು ಚುರುಕಾದ ಪದ ಇಷ್ಟು ಕೆಲಸ ಮಾಡಬಲ್ಲದು.

ಔಷಧಿ ನಿಲ್ಲಿಸಿದರೆ ತೂಕಕ್ಕೇನಾಗುತ್ತೆ ಅನ್ನೋದೂ ಈ ಚರ್ಮದ ಪ್ರಶ್ನೆಗೇ ಸೇರಿದ್ದು. ಸೆಮಾಗ್ಲುಟೈಡಿನ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ 14.9 ಶೇಕಡಾ ತೂಕ ಇಳಿದಿತ್ತು. ನಿಲ್ಲಿಸಿದ ಒಂದು ವರ್ಷಕ್ಕೆ ಅದರಲ್ಲಿ ಮೂರನೇ ಎರಡು ಭಾಗ ವಾಪಸ್ ಬಂತು. ತೂಕ ಹೀಗೆ ಉಯ್ಯಾಲೆಯ ಮೇಲಿರುವಾಗ ಕೆನ್ನೆಗೆ ಫಿಲ್ಲರ್ ತುಂಬೋದು, ಚರ್ಮ ಕತ್ತರಿಸೋದು ಅಂದರೆ ಬೆಳೆಯೋ ಮಗುವಿಗೆ ಅಳತೆ ತಗೊಂಡು ಸೂಟ್ ಹೊಲಿಸಿದ ಹಾಗೆ. ಕಾಯುವುದೇ ಇಲ್ಲಿ ಮೊದಲ ಚಿಕಿತ್ಸೆ. ತೂಕ ಒಂದೇ ಕಡೆ ಆರು ತಿಂಗಳಾದರೂ ನಿಲ್ಲಲಿ ಅಂತ ಶಸ್ತ್ರಚಿಕಿತ್ಸಕರು ಸಾಮಾನ್ಯವಾಗಿ ಹೇಳುತ್ತಾರೆ. ಯಾವ ಬ್ರೋಷರಿನಲ್ಲೂ ನಾನು ಈ ಸಾಲು ಕಾಣಲಿಲ್ಲ. ಕಾಯುವುದಕ್ಕೆ ಬಿಲ್ ಹಾಕೋಕಾಗಲ್ಲವಲ್ಲ.

ಮೂರನೇ ಕಡೆ ಸಿಕ್ಕಿದ್ದು ಪ್ಲಾಸ್ಟಿಕ್ ಸರ್ಜನ್ ಒಬ್ಬರು. ಯಂತ್ರ ಇರಲಿಲ್ಲ. ಕನ್ನಡಿ ಕೊಟ್ಟು ಕೂತು ನೋಡಿಕೊಳ್ಳಿ ಅಂದರು, ಆಮೇಲೆ ಮಲಗಿ ನೋಡಿಕೊಳ್ಳಿ ಅಂದರು. ಮಲಗಿದಾಗ ದವಡೆಯ ಚೀಲ ಮಾಯ, ಕೆನ್ನೆಯ ಗುಳಿ ಇದ್ದಲ್ಲೇ. ‘ಚೀಲ ಚರ್ಮದ್ದು, ಗುಳಿ ಕೊಬ್ಬಿನದ್ದು, ನಿಮಗೆ ಎರಡೂ ಇವೆ’ ಅಂದರು. ಕಿವಿಯ ಮುಂದೆ ಎರಡು ಬೆರಳಿಟ್ಟು ಚರ್ಮವನ್ನು ಹಿಂದಕ್ಕೆ ಸರಿಸಿ, ಇಷ್ಟು ಬೇಕಾದರೆ ಕತ್ತರಿಯೇ ದಾರಿ, ಯಂತ್ರದಿಂದ ಇಷ್ಟು ಆಗೋದಿಲ್ಲ ಅಂತ ನೇರ ಹೇಳಿದರು. ಫೇಸ್‌ಲಿಫ್ಟ್ ಅಂದರೆ ಚರ್ಮ ಎಳೆದು ಹೊಲಿಯೋದು ಅಂತ ನಾನಂದುಕೊಂಡಿದ್ದೆ. ಹಾಗೆ ಮಾಡಿದರೆ ಚರ್ಮ ಮತ್ತೆ ಜಗ್ಗುತ್ತೆ, ಹೊಲಿಗೆಯ ಗಾಯವೂ ಅಗಲವಾಗುತ್ತೆ. ಚರ್ಮದ ಕೆಳಗೆ ಸ್ಮಾಸ್ ಎಂಬ ಗಟ್ಟಿ ಪದರ ಇದೆ, 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೈರೋನಿ ಅದನ್ನು ವಿವರಿಸಿದರು. ಎಳೆತವನ್ನೆಲ್ಲ ಆ ಪದರ ಹೊರಬೇಕು, ಚರ್ಮ ಮೇಲೆ ಸುಮ್ಮನೆ ಕೂರಬೇಕು. ಮುಖದ ನರಗಳು ಹಾದುಹೋಗೋದು ಅದರ ಕೆಳಗೇ ಆದ್ದರಿಂದ ಕೈ ಪಳಗಿರಬೇಕು. ರಕ್ತ ಹೆಪ್ಪುಗಟ್ಟಿ ನಿಲ್ಲುವುದು ಈ ಶಸ್ತ್ರಚಿಕಿತ್ಸೆಯ ಸಾಮಾನ್ಯ ತೊಡಕು, ಗಂಡಸರಲ್ಲಿ ಅದು ಇನ್ನೂ ಹೆಚ್ಚು. ಗಡ್ಡದ ಕೂದಲು ಬೆಳೆಯುವ ಚರ್ಮವೇ ಕಿವಿಯ ಪಕ್ಕಕ್ಕೆ ಸರಿಯುವುದರಿಂದ ಮುಂದೆ ಶೇವ್ ಮಾಡುವ ಜಾಗವೂ ಬದಲಾಗುತ್ತೆ ಅಂದರು. ಇಂಥ ವಿವರ ಹೇಳಿದ ಮೊದಲ ಮನುಷ್ಯ ಅವರು.

ಫೋಟೋ ತೋರಿಸಿ ಅಂದೆ. ಎದುರಿನ ಚಿತ್ರಗಳನ್ನು ಬದಿಗಿಟ್ಟು ಕಿವಿಯ ಪಕ್ಕದ ಚಿತ್ರಗಳನ್ನು ತೆಗೆದರು, ಒಬ್ಬರದೇ ಮೂರು: ಹದಿನೈದು ದಿನದ್ದು, ಆರು ತಿಂಗಳದ್ದು, ವರ್ಷದ್ದು. ಮೊದಲನೆಯದರಲ್ಲಿ ಕೆಂಪು ಗೆರೆ ಚೆನ್ನಾಗಿ ಕಾಣುತ್ತಿತ್ತು. ಮೂರನೆಯದರಲ್ಲಿ ಬೆರಳಿಟ್ಟು ತೋರಿಸಿದ ಮೇಲೆ ಕಂಡಿತು. ಯಾರೂ ನಗುತ್ತಿರಲಿಲ್ಲ. ನನ್ನ ತೂಕ ಆಗಷ್ಟೇ ನಿಂತು ಎರಡು ತಿಂಗಳಾಗಿತ್ತು. ಮುಂದಿನ ಯುಗಾದಿ ಕಳೆದ ಮೇಲೆ ಬನ್ನಿ, ಅಲ್ಲಿವರೆಗೆ ಏನೂ ಚುಚ್ಚಿಸಿಕೊಳ್ಳಬೇಡಿ ಅಂತ ಹೇಳಿ ಕನ್ಸಲ್ಟೇಶನ್ ಫೀಸು 800 ರೂಪಾಯಿ ತಗೊಂಡು ಕಳಿಸಿದರು.